ಇಡೀ ಕೌಂಟಿಗೆ ಒಂದೇ ಹೈಸ್ಕೂಲು: ಮಗಳನ್ನು ಅಲ್ಲಿಗೆ ಸೇರಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರು ಡಾಕ್ಟರ್. ಅಮೆರಿಕದಲ್ಲಿ ಅವರ ರೆಸಿಡೆನ್ಸಿ (ಆಸ್ಪತ್ರೆಯ ತರಬೇತಿ) ಮುಗಿಯುತ್ತಾ ಬಂತು. ವೀಸಾ ನಿಯಮದಿಂದ ವಿನಾಯಿತಿ (ವೇವರ್) ಸಿಗಬೇಕಾದರೆ ಹಳ್ಳಿ ಕಡೆ ಮೂರು ವರ್ಷ ಕೆಲಸ ಮಾಡಬೇಕಂತೆ. ವೆಸ್ಟ್ ವರ್ಜೀನಿಯಾ ರಾಜ್ಯದ ಲಿಂಕನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಒಂದು ಕ್ಲಿನಿಕ್ಕಿನಿಂದ ಆಫರ್ ಬಂದಿದೆ. ಮಗಳು ಹಾಸನದಲ್ಲಿ ಎಂಟನೇ ಕ್ಲಾಸ್ ಮುಗಿಸಿದ್ದಾಳೆ. ಆ ಕೌಂಟಿಗೆಲ್ಲ ಇರುವುದು ಒಂದೇ ಸರ್ಕಾರಿ ಹೈಸ್ಕೂಲು, ನಾಲ್ಕು ಶಾಲೆ ಮುಚ್ಚಿ ಅದನ್ನು ಕಟ್ಟಿದ್ದು ಎಂದು ಯಾರೋ ಹೇಳಿದರು. ಕೇಳಿ ಭಯವಾಯಿತು. ಮಗಳನ್ನು ಪಿಯುಸಿವರೆಗೆ ನನ್ನ ತಾಯಿಯ ಹತ್ತಿರ ಹಾಸನದಲ್ಲೇ ಬಿಡಲಾ, ಅಥವಾ ಕರೆದುಕೊಂಡು ಹೋಗಲಾ? ಅಲ್ಲಿನ ‘ಸ್ಕೂಲ್ ಡಿಸ್ಟ್ರಿಕ್ಟ್’ ಅಂದರೆ ಏನು ಅಂತಲೂ ಸ್ವಲ್ಪ ತಿಳಿಸಿ.

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಮಗಳನ್ನು ಕರೆದುಕೊಂಡು ಹೋಗಿ. ಆದರೆ ಶಾಲೆ ಹೇಗಿದೆ ಎಂದು ಕೇಳುವ ಮೊದಲು ಮನೆ ಎಲ್ಲಿ ಹಿಡಿಯುತ್ತೀರಿ ಅನ್ನುವುದನ್ನು ತೀರ್ಮಾನಿಸಿ. ಇಡೀ ಕೌಂಟಿಗೆ ಒಂದೇ ಹೈಸ್ಕೂಲು ಇರುವ ಕಡೆ ಎಲ್ಲ ಮಕ್ಕಳೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಾರೆ, ಸರಿ. ಆದರೆ ಆ ಶಾಲೆಯಿಂದ ಎಲ್ಲರಿಗೂ ಸಿಗುವುದು ಒಂದೇ ಅಲ್ಲ. ಹತ್ತಿರ ಇರುವವರಿಗೆ ಪೂರ್ತಿ ಸಿಗುತ್ತದೆ. ದೂರದವರಿಗೆ ಬಸ್ಸು ಬಿಟ್ಟಷ್ಟು ಮಾತ್ರ.

ನಾನು ಅಮೆರಿಕದ ಹಳ್ಳಿಗಾಡಿನಲ್ಲಿ ಇಂಥದೇ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದವಳು. ಅದು ಲಿಂಕನ್ ಕೌಂಟಿಯ ಶಾಲೆ ಅಲ್ಲ, ಬೇರೆ ರಾಜ್ಯದ್ದು. ಆದರೆ ಬೆಟ್ಟ, ಹೊಳೆ, ಬಸ್ಸು ಎಲ್ಲ ಹೆಚ್ಚುಕಡಿಮೆ ಅದೇ.

‘ಡಿಸ್ಟ್ರಿಕ್ಟ್’ ಎಂದ ತಕ್ಷಣ ನಮಗೆ ಡಿ.ಸಿ. ಆಫೀಸು, ಡಿಡಿಪಿಐ ನೆನಪಾಗುತ್ತದೆ. ಅಲ್ಲಿ ಹಾಗಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಶಾಲೆ ನಡೆಸುವುದಕ್ಕೆಂದೇ ಇರುವ ಒಂದು ಪುಟ್ಟ ಸ್ಥಳೀಯ ಸರ್ಕಾರ. ಅದಕ್ಕೆ ತನ್ನದೇ ಬೋರ್ಡು, ತನ್ನದೇ ಬಜೆಟ್ಟು, ತನ್ನದೇ ಬಸ್ಸು, ತನ್ನದೇ ಅಡುಗೆಯವರು. ಟೀಚರುಗಳನ್ನು ನೇಮಿಸುವುದೂ ಅದೇ. ನಮ್ಮಲ್ಲಿ ಮೇಷ್ಟ್ರಿಗೆ ರಾಜ್ಯದ ಯಾವ ಮೂಲೆಗೆ ಬೇಕಾದರೂ ವರ್ಗ ಆಗಬಹುದು. ಅಲ್ಲಿ ವರ್ಗ ಅನ್ನುವುದು ಆ ಡಿಸ್ಟ್ರಿಕ್ಟಿನ ಗಡಿ ದಾಟುವುದಿಲ್ಲ.

ವೆಸ್ಟ್ ವರ್ಜೀನಿಯಾದಲ್ಲಿ ಇದು ಇನ್ನೂ ಸುಲಭ. ಅಲ್ಲಿ 55 ಕೌಂಟಿ, 55 ಸ್ಕೂಲ್ ಡಿಸ್ಟ್ರಿಕ್ಟು. 1933ರಲ್ಲಿ ಆರ್ಥಿಕ ಕುಸಿತದ ಹೊತ್ತಿನಲ್ಲಿ ರಾಜ್ಯ ಒಂದು ಕಾನೂನು ಮಾಡಿ, ಅಲ್ಲಿಯವರೆಗೆ ಇದ್ದ ನೂರಾರು ಸಣ್ಣ ಸಣ್ಣ ಶಾಲಾ ಮಂಡಳಿಗಳನ್ನು ರದ್ದು ಮಾಡಿತು. ಕೌಂಟಿಗೊಂದು ಬೋರ್ಡ್ ಎಂದಾಯಿತು. ಬೋರ್ಡಿಗೆ ಐದು ಜನ. ಅವರನ್ನು ಜನ ಮತ ಹಾಕಿ ಆರಿಸುತ್ತಾರೆ, ಅವಧಿ ನಾಲ್ಕು ವರ್ಷ, ಪಕ್ಷದ ಚಿಹ್ನೆ ಇರುವುದಿಲ್ಲ. ಬೋರ್ಡು ಒಬ್ಬ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ. ಇವರು ನಮ್ಮ ಬಿಇಒ ಥರ, ಆದರೆ ಕೈಯಲ್ಲಿ ಅಧಿಕಾರ ಜಾಸ್ತಿ. ದುಡ್ಡು ಮುಖ್ಯವಾಗಿ ರಾಜ್ಯದಿಂದ ಬರುತ್ತದೆ, ಜೊತೆಗೆ ಕೌಂಟಿಯ ಆಸ್ತಿ ತೆರಿಗೆ, ಸ್ವಲ್ಪ ಕೇಂದ್ರದ ಹಣ. ಇನ್ನೂ ಬೇಕು ಅಂದರೆ ‘ಎಕ್ಸೆಸ್ ಲೆವಿ’ ಎಂದು ಜನರ ಮುಂದೆ ಹೋಗಬೇಕು. ಜನ ಮತ ಹಾಕಿ ಒಪ್ಪಿದರೆ ಐದು ವರ್ಷದವರೆಗೆ ಹೆಚ್ಚುವರಿ ತೆರಿಗೆ. ಒಪ್ಪದಿದ್ದರೆ ಇಲ್ಲ.

ಲಿಂಕನ್ ಕೌಂಟಿಯ ವಿಸ್ತಾರ 439 ಚದರ ಮೈಲಿ, ಅಂದರೆ 1,100 ಚದರ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ನಮ್ಮ ಒಂದು ಸಾಧಾರಣ ತಾಲ್ಲೂಕಿನಷ್ಟು. ಆದರೆ 2020ರ ಜನಗಣತಿಯಲ್ಲಿ ಅಲ್ಲಿದ್ದವರು 20,463 ಜನ ಮಾತ್ರ. ಹೋಬಳಿಯಷ್ಟು ಜನ, ತಾಲ್ಲೂಕಿನಷ್ಟು ಜಾಗ. ಅದೂ ಬಯಲಲ್ಲ. ಗಯಾಂಡಾಟ್ ಹೊಳೆ, ಮಡ್ ಹೊಳೆ, ಅವುಗಳ ಅಕ್ಕಪಕ್ಕ ಇಕ್ಕಟ್ಟಾದ ಕಣಿವೆಗಳು. ಮನೆಗಳು ಆ ಕಣಿವೆಗಳೊಳಗೆ ಸಾಲಾಗಿ ಹೋಗಿವೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ದಾರಿ ಸುತ್ತಿ ಸುತ್ತಿ ಹೋಗುತ್ತದಲ್ಲ, ಹಾಗೆ.

ಈಗ ನಿಮ್ಮ ಭಯದ ವಿಷಯ, ಆ ನಾಲ್ಕು ಶಾಲೆ. ಇದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಅದು ಶುರುವಾಗಿದ್ದು ನಿಮ್ಮಂಥ ಪೋಷಕರಿಂದಲೇ, ಅದೇ ಕೌಂಟಿಯಲ್ಲಿ.

1975ರಲ್ಲಿ ಲಿಂಕನ್ ಕೌಂಟಿಯ ಪೋಷಕರು ಕೋರ್ಟಿಗೆ ಹೋದರು. ನಮ್ಮ ಮಕ್ಕಳ ಶಾಲೆಗೆ ಸರಿಯಾದ ಕಟ್ಟಡವಿಲ್ಲ, ಪುಸ್ತಕವಿಲ್ಲ, ಪಾಠವಿಲ್ಲ, ಶ್ರೀಮಂತ ಕೌಂಟಿಗಳಲ್ಲಿ ಎಲ್ಲ ಇದೆ, ಇದು ನ್ಯಾಯವಾ ಎಂದು ಕೇಳಿದರು. ವೆಸ್ಟ್ ವರ್ಜೀನಿಯಾದ ಸಂವಿಧಾನದಲ್ಲಿ ರಾಜ್ಯ ‘ಪರಿಪೂರ್ಣವೂ ದಕ್ಷವೂ ಆದ’ ಉಚಿತ ಶಾಲಾ ವ್ಯವಸ್ಥೆ ಕೊಡಬೇಕು ಎಂಬ ಮಾತು ಇದೆ. ಆ ಮಾತನ್ನೇ ಹಿಡಿದುಕೊಂಡರು. 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಶಿಕ್ಷಣ ಮೂಲಭೂತ ಹಕ್ಕು ಎಂದು ಹೇಳಿತು. ಇದನ್ನು ಪಾಲಿ–ಕೆಲ್ಲಿ ಪ್ರಕರಣ ಎನ್ನುತ್ತಾರೆ. ಅಮೆರಿಕದಲ್ಲಿ ಶಾಲೆಗಳ ಹಣದ ಬಗ್ಗೆ ನಡೆದ ದೊಡ್ಡ ಮೊಕದ್ದಮೆಗಳ ಪಟ್ಟಿಯಲ್ಲಿ ಇದರ ಹೆಸರು ಇದ್ದೇ ಇರುತ್ತದೆ. ಮತ್ತೆ 1982ರಲ್ಲಿ ಜಡ್ಜ್ ಆರ್ಥರ್ ರೆಕ್ಟ್ ಉದ್ದವಾದ ಇನ್ನೊಂದು ತೀರ್ಪು ಕೊಟ್ಟರು. ಒಳ್ಳೆಯ ಶಾಲೆ ಅಂದರೆ ಅದರಲ್ಲಿ ಏನೇನಿರಬೇಕು ಎಂದು ಒಂದೊಂದಾಗಿ ಬರೆದರು. ಲ್ಯಾಬ್ ಬೇಕು, ಲೈಬ್ರರಿ ಬೇಕು, ಸಂಗೀತ, ಚಿತ್ರಕಲೆ, ವಿದೇಶಿ ಭಾಷೆ ಬೇಕು.

ಕೇಳಲಿಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಇದನ್ನೆಲ್ಲ ಇನ್ನೂರು ಮಕ್ಕಳಿರುವ ಪುಟ್ಟ ಹೈಸ್ಕೂಲಿನಲ್ಲಿ ಕೊಡುವುದು ದುಬಾರಿ. ಅಮೆರಿಕದಲ್ಲಿ ಈ ಲೆಕ್ಕ ಹಳೆಯದು. 1959ರಲ್ಲೇ ಹಾರ್ವರ್ಡಿನ ಮಾಜಿ ಅಧ್ಯಕ್ಷ ಜೇಮ್ಸ್ ಕೊನಾಂಟ್ ಒಂದು ವರದಿ ಬರೆದು, ವರ್ಷಕ್ಕೆ ಕನಿಷ್ಠ ನೂರು ಮಕ್ಕಳು ಪಾಸಾಗಿ ಹೊರಬಾರದ ಹೈಸ್ಕೂಲು ತುಂಬಾ ಚಿಕ್ಕದು ಎಂದಿದ್ದರು. ದೇಶದಾದ್ಯಂತ ಸ್ಕೂಲ್ ಡಿಸ್ಟ್ರಿಕ್ಟುಗಳು ಕೂಡುತ್ತಲೇ ಬಂದವು. 1940ರ ಸುಮಾರಿಗೆ 1,17,000ಕ್ಕೂ ಜಾಸ್ತಿ ಇದ್ದವು ಈಗ ಹದಿಮೂರು ಸಾವಿರದ ಆಸುಪಾಸು. ವೆಸ್ಟ್ ವರ್ಜೀನಿಯಾ 1989ರಲ್ಲಿ ಶಾಲಾ ಕಟ್ಟಡಗಳಿಗೆಂದೇ ಒಂದು ಪ್ರಾಧಿಕಾರ ಮಾಡಿತು. ಹೊಸ ಕಟ್ಟಡಕ್ಕೆ ದುಡ್ಡು ಬೇಕಾ? ಮಕ್ಕಳ ಸಂಖ್ಯೆ ತೋರಿಸಿ, ಶಾಲೆಗಳನ್ನು ಕೂಡಿಸಿ, ಆಮೇಲೆ ಬನ್ನಿ. ಹೀಗೆ ಸುಮಾರು ಹನ್ನೆರಡು ವರ್ಷದಲ್ಲಿ ಆ ರಾಜ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಶಾಲೆ ಮುಚ್ಚಿದವು.

ಲಿಂಕನ್ ಕೌಂಟಿಯಲ್ಲಿ ನಾಲ್ಕು ಹೈಸ್ಕೂಲು ಇದ್ದವು: ಹ್ಯಾಮ್ಲಿನ್, ಗಯಾನ್ ವ್ಯಾಲಿ, ಡುವಾಲ್, ಹಾರ್ಟ್ಸ್. ನಾಲ್ಕೂ ಊರುಗಳ ಜನರಿಗೆ ಅದು ಬರೀ ಶಾಲೆ ಆಗಿರಲಿಲ್ಲ. ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯ, ಸಾವಿನ ಮನೆಗೆ ಊಟ, ಪ್ರವಾಹ ಬಂದಾಗ ಮಲಗುವುದಕ್ಕೆ ಜಾಗ, ಎಲ್ಲವೂ ಇಂಥ ಊರುಗಳಲ್ಲಿ ಶಾಲೆಯ ಸುತ್ತಲೇ ನಡೆಯುವುದು. 1947ರಲ್ಲಿ ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ ಚಕ್ ಯೇಗರ್ 1941ರಲ್ಲಿ ಹ್ಯಾಮ್ಲಿನ್ ಹೈಸ್ಕೂಲಿನಲ್ಲೇ ಓದು ಮುಗಿಸಿದವರು. ಅವರ ಪ್ರತಿಮೆ ಹ್ಯಾಮ್ಲಿನ್‌ನ ಶಾಲೆಯ ಮುಂದೆ ಇದೆ. ನೀವು ಹೋದಾಗ ಮಗಳಿಗೆ ತೋರಿಸಿ.

2000ದಲ್ಲಿ ರಾಜ್ಯ ಸರ್ಕಾರ ಲಿಂಕನ್ ಕೌಂಟಿಯ ಶಾಲಾಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ನಮ್ಮಲ್ಲಿ ಪುರಸಭೆಗೆ ಆಡಳಿತಾಧಿಕಾರಿಯನ್ನು ಹಾಕುತ್ತಾರಲ್ಲ, ಹತ್ತಿರಹತ್ತಿರ ಅದೇ ರೀತಿ. ಜನ ಆರಿಸಿದ ಬೋರ್ಡಿಗೆ ಹೆಸರಷ್ಟೇ ಉಳಿಯಿತು. ಕೌಂಟಿಗೆ ಒಂದೇ ಹೈಸ್ಕೂಲು ಅನ್ನುವ ತೀರ್ಮಾನ ಆ ಹೊತ್ತಿನಲ್ಲಿ ಆಯಿತು. ಜನ ತುಂಬಾ ವಿರೋಧ ಮಾಡಿದರು. ಆದರೂ ಕಟ್ಟಡ ಎದ್ದಿತು. 2006ರಲ್ಲಿ ಹ್ಯಾಮ್ಲಿನ್ ಬಳಿ ಲಿಂಕನ್ ಕೌಂಟಿ ಹೈಸ್ಕೂಲು ಬಾಗಿಲು ತೆರೆಯಿತು. ನಾಲ್ಕು ಊರಿನ ನಾಲ್ಕು ತಂಡ ಹೋಗಿ ‘ಪ್ಯಾಂಥರ್ಸ್’ ಎಂಬ ಒಂದು ತಂಡ ಆಯಿತು. ಹಳೆಯ ಕಡೆಗಳಲ್ಲಿ ಚಿಕ್ಕ ತರಗತಿಗಳು ಮಾತ್ರ ಉಳಿದವು.

ಈ ಕಥೆ ಯೋಚಿಸಿದಾಗಲೆಲ್ಲ ನನ್ನ ಮನಸ್ಸಿಗೆ ಒಂದು ಥರ ಆಗುತ್ತದೆ. ಪೋಷಕರು ಕೇಳಿದ್ದು ತಮ್ಮ ಊರಿನ ಶಾಲೆ ಚೆನ್ನಾಗಿರಲಿ ಎಂದು. ಮೂವತ್ತು ವರ್ಷ ಆದ ಮೇಲೆ ಒಳ್ಳೆಯ ಶಾಲೆ ಬಂತು. ಆದರೆ ಊರಿಗೆ ಬರಲಿಲ್ಲ. ಹಾರ್ಟ್ಸ್ ಕೌಂಟಿಯ ದಕ್ಷಿಣದ ತುದಿಯಲ್ಲಿದೆ. ಅಲ್ಲಿಂದ ಹ್ಯಾಮ್ಲಿನ್‌ಗೆ ಹೊಳೆಯ ಪಕ್ಕದ ರಸ್ತೆಯಲ್ಲಿ ಹತ್ತಿರಹತ್ತಿರ 40 ಕಿ.ಮೀ. ಹಾರ್ಟ್ಸ್‌ನ ತಾಯಂದಿರು ಬೇಡ ಎಂದದ್ದು ಹೊಸ ಲ್ಯಾಬನ್ನಲ್ಲ. ಆ 40 ಕಿ.ಮೀ. ದಾರಿಯನ್ನು.

ಹಾಗಂತ ದೊಡ್ಡ ಶಾಲೆಯಿಂದ ಲಾಭವೇ ಇಲ್ಲ ಎಂದರೆ ಅದು ಸುಳ್ಳಾಗುತ್ತದೆ. ನಾನು ಗಣಿತದವಳು, ನನ್ನ ವಿಷಯವನ್ನೇ ತೆಗೆದುಕೊಳ್ಳಿ. ಚಿಕ್ಕ ಹೈಸ್ಕೂಲಿನಲ್ಲಿ ಕ್ಯಾಲ್ಕುಲಸ್ ಬೇಕು ಅನ್ನುವ ಮಕ್ಕಳು ವರ್ಷಕ್ಕೆ ಇಬ್ಬರೋ ಮೂವರೋ ಇರುತ್ತಾರೆ. ಅವರಿಗಾಗಿ ಒಬ್ಬ ಟೀಚರಿನ ಒಂದು ಪೀರಿಯಡ್ ಇಡುವುದು ಯಾವ ಪ್ರಿನ್ಸಿಪಾಲರಿಗೂ ಕಷ್ಟ. ನಾಲ್ಕು ಊರಿನವರು ಸೇರಿದರೆ ಹತ್ತು–ಹನ್ನೆರಡು ಜನ ಆಗುತ್ತಾರೆ, ಕ್ಲಾಸು ನಡೆಯುತ್ತದೆ. ಫಿಸಿಕ್ಸ್, ಬ್ಯಾಂಡ್, ವೆಲ್ಡಿಂಗ್, ನರ್ಸಿಂಗ್ ಸಹಾಯಕರ ತರಬೇತಿ ಇವೆಲ್ಲದರದೂ ಇದೇ ಲೆಕ್ಕ. ಕೆಮಿಸ್ಟ್ರಿ ಟೀಚರೇ ಕೆಮಿಸ್ಟ್ರಿ ಕಲಿಸುವ ಸಾಧ್ಯತೆ ದೊಡ್ಡ ಶಾಲೆಯಲ್ಲಿ ಜಾಸ್ತಿ. ಚಿಕ್ಕ ಶಾಲೆಯಲ್ಲಿ ಒಬ್ಬರೇ ಬಯಾಲಜಿಯಿಂದ ಹಿಡಿದು ಫುಟ್‌ಬಾಲ್‌ವರೆಗೆ ಎಲ್ಲ ನೋಡಿಕೊಳ್ಳುತ್ತಾರೆ.

ಚಿಕ್ಕ ಶಾಲೆಯ ಬಲ ಬೇರೆ ಕಡೆ ಇದೆ. 1964ರಲ್ಲಿ ರೋಜರ್ ಬಾರ್ಕರ್, ಪಾಲ್ ಗಂಪ್ ಎಂಬ ಇಬ್ಬರು ಕ್ಯಾನ್ಸಸ್ ರಾಜ್ಯದ ಹೈಸ್ಕೂಲುಗಳನ್ನು ಅಧ್ಯಯನ ಮಾಡಿ ಒಂದು ಮಾತು ಹೇಳಿದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಸಂಖ್ಯೆ ಜಾಸ್ತಿ, ಆದರೆ ಒಬ್ಬೊಬ್ಬ ಹುಡುಗನಿಗೆ, ಹುಡುಗಿಗೆ ಸಿಗುವ ಜವಾಬ್ದಾರಿ ಚಿಕ್ಕ ಶಾಲೆಯಲ್ಲೇ ಜಾಸ್ತಿ. ಚಿಕ್ಕ ಕಡೆ ನಾಟಕಕ್ಕೆ ಜನ ಸಾಲದೆ ಇದ್ದಾಗ ನಾಚಿಕೆ ಸ್ವಭಾವದ ಹುಡುಗಿಯನ್ನೂ ಎಳೆದು ತರುತ್ತಾರೆ. ದೊಡ್ಡ ಕಡೆ ಅವಳು ಪ್ರೇಕ್ಷಕರ ಸಾಲಿನಲ್ಲಿ ಕೂರುತ್ತಾಳೆ. ನಾಲ್ಕು ಬ್ಯಾಸ್ಕೆಟ್‌ಬಾಲ್ ತಂಡ ಒಂದಾದರೆ ಮೂರು ತಂಡದಷ್ಟು ಮಕ್ಕಳು ಮನೆಗೆ ಹೋಗಬೇಕಾಗುತ್ತದೆ, ಅಷ್ಟೇ.

ಮನೆಗೆ ಹೋಗುವುದು ಅಂದೆನಲ್ಲ, ಅದರ ಬಗ್ಗೆ ಒಂದು ವಿಷಯ ಹೇಳುತ್ತೇನೆ.

ನನ್ನ ಮೊದಲ ಪೀರಿಯಡ್ 7:40ಕ್ಕೆ ಶುರುವಾಗುತ್ತಿತ್ತು. ಒಬ್ಬ ಹುಡುಗ ದಿನಾ ಮೊದಲ ಹದಿನೈದು ನಿಮಿಷ ತಲೆ ಬೆಂಚಿಗೆ ಹಚ್ಚಿಕೊಂಡೇ ಇರುತ್ತಿದ್ದ. ನಾನು ಸುಮ್ನೆ ಸೋಮಾರಿ ಎಂದುಕೊಂಡಿದ್ದೆ, ಎರಡು ಸಲ ಬೈದೂ ಇದ್ದೆ. ಒಮ್ಮೆ ಅವನ ಅಜ್ಜಿಯನ್ನು ನೋಡಬೇಕಾಗಿ ಬಂತು. ಪ್ರಿನ್ಸಿಪಾಲರನ್ನು ಕೇಳಿ ಸಂಜೆ ಅವನ ಬಸ್ಸಿನಲ್ಲೇ ಹೊರಟೆ. ಡಾಂಬರು ರಸ್ತೆ ಅರ್ಧ ದಾರಿಗೆ ಮುಗಿಯಿತು. ಆಮೇಲೆ ಜಲ್ಲಿ. ಒಂದೇ ವಾಹನ ಹೋಗುವ ಸೇತುವೆ ಹತ್ತಿರ ಡ್ರೈವರಮ್ಮ ಬಸ್ಸು ನಿಲ್ಲಿಸಿ, ಹೊಳೆಯ ನೀರು ಎಲ್ಲಿಯವರೆಗೆ ಬಂದಿದೆ ಎಂದು ಇಣುಕಿ ನೋಡಿ ಆಮೇಲೆ ದಾಟಿಸಿದರು. ಯಾವ ಮನೆಯ ನಾಯಿ ಬಸ್ಸಿಗೆ ಅಡ್ಡ ಬರುತ್ತದೆ, ಯಾವ ಮಗುವಿನ ಅಪ್ಪ ಈ ವಾರ ಮನೆಯಲ್ಲಿಲ್ಲ, ಎಲ್ಲ ಅವರಿಗೆ ಗೊತ್ತು. ಕೊನೆಗೆ ಬಸ್ಸಿನಲ್ಲಿ ಉಳಿದದ್ದು ಆ ಹುಡುಗ, ನಾನು ಇಬ್ಬರೇ. ಒಂದು ಗಂಟೆ ಹನ್ನೆರಡು ನಿಮಿಷ ಆಗಿತ್ತು. ಅಜ್ಜಿ ಜಗಲಿಯ ದೀಪ ಹಾಕಿಕೊಂಡು ನಿಂತಿದ್ದರು. ಬೆಳಿಗ್ಗೆ 5:55ಕ್ಕೂ ಅದೇ ದೀಪದ ಕೆಳಗೆ ಅವನು ಬಸ್ಸಿಗೆ ಕಾಯುತ್ತಾನೆ ಎಂದು ಆಗ ಗೊತ್ತಾಯಿತು.

ಅವನು ಟ್ರೊಂಬೋನ್ ಚೆನ್ನಾಗಿ ನುಡಿಸುತ್ತಿದ್ದನಂತೆ. ಎಂಟನೇ ಕ್ಲಾಸಿನವರೆಗೆ ಊರಿನ ಶಾಲೆಯಲ್ಲಿ ನುಡಿಸಿದ್ದ. ಹೈಸ್ಕೂಲಿನ ಬ್ಯಾಂಡ್ ಅಭ್ಯಾಸ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಬಸ್ಸು ಮೂರಕ್ಕೇ ಹೋಗಿಬಿಡುತ್ತಿತ್ತು. ಅಜ್ಜಿಗೆ ಕತ್ತಲಲ್ಲಿ ಕಾರು ಓಡಿಸಲು ಕಣ್ಣು ಕಾಣುವುದಿಲ್ಲ. ಟ್ರೊಂಬೋನ್ ಅಲ್ಲಿಗೆ ನಿಂತಿತು. ಶಾಲೆಯಲ್ಲಿ ಬ್ಯಾಂಡ್ ಇತ್ತು, ಮೇಷ್ಟ್ರು ಇದ್ದರು, ವಾದ್ಯವೂ ಇತ್ತು. ಮಾರನೇ ದಿನದಿಂದ ಅವನು ತಲೆ ಹಚ್ಚಿಕೊಂಡರೆ ನಾನು ಹದಿನೈದು ನಿಮಿಷ ಬಿಡುತ್ತಿದ್ದೆ. ನನ್ನಿಂದ ಆದದ್ದು ಅಷ್ಟೇ. ಅದು ನನಗೆ ಈಗಲೂ ಬೇಸರ.

ವೆಸ್ಟ್ ವರ್ಜೀನಿಯಾದಲ್ಲಿ ಬಸ್ಸಿನ ಹೊತ್ತಿಗೆ ರಾಜ್ಯದ್ದೇ ಒಂದು ಮಾರ್ಗಸೂಚಿ ಇದೆ. ಒಂದು ಕಡೆಯ ಪ್ರಯಾಣ ಚಿಕ್ಕ ಮಕ್ಕಳಿಗೆ 30 ನಿಮಿಷ, ಮಿಡಲ್ ಸ್ಕೂಲಿಗೆ 45, ಹೈಸ್ಕೂಲಿಗೆ 60 ನಿಮಿಷ ಮೀರಬಾರದು ಎಂದು. ಕೂಡಿಸಿದ ಶಾಲೆಗಳಲ್ಲಿ ಇದು ಮೀರುವುದು ಉಂಟು. ಅದಕ್ಕೇ ಮನೆಯ ವಿಷಯ ಮೊದಲು ಎಂದೆ. ನಿಮ್ಮ ಯಜಮಾನರ ಕ್ಲಿನಿಕ್ಕು ಕೌಂಟಿಯ ಯಾವ ಮೂಲೆಯಲ್ಲೇ ಇರಲಿ, ಮನೆಯನ್ನು ಹ್ಯಾಮ್ಲಿನ್ ಅಥವಾ ವೆಸ್ಟ್ ಹ್ಯಾಮ್ಲಿನ್ ಆಸುಪಾಸಿನಲ್ಲಿ ಹುಡುಕಿ. ದೊಡ್ಡವರು ಕಾರಿನಲ್ಲಿ ಅರ್ಧ ಗಂಟೆ ಓಡಾಡಬಹುದು. ಹದಿನಾಲ್ಕು ವರ್ಷದ ಹುಡುಗಿ ಬಸ್ಸಿನಲ್ಲಿ ದಿನಾ ಎರಡು ಗಂಟೆ ಕೂತರೆ ಅದು ಅವಳ ನಿದ್ದೆಯಿಂದ, ಗೆಳತಿಯರಿಂದ, ಆಟದಿಂದ ಕಿತ್ತುಕೊಂಡ ಹೊತ್ತು. ಬಾಡಿಗೆ ಮನೆ ಹಳ್ಳಿ ಕಡೆ ಸಿಗುವುದು ಕಷ್ಟ, ಅದು ನಿಜ. ಕ್ಲಿನಿಕ್ಕಿನವರನ್ನೇ ಕೇಳಿ. ಡಾಕ್ಟರ್ ಬೇಕು ಅನ್ನುವ ಊರು ಮನೆ ಹುಡುಕಿಕೊಡುತ್ತದೆ.

ಹಂಟಿಂಗ್ಟನ್ ನಗರದಲ್ಲಿ ಇದ್ದು ಓಡಾಡೋಣ ಎಂದು ನಿಮ್ಮ ಯಜಮಾನರು ಅಂದರೂ ಅನ್ನಬಹುದು. ಅಲ್ಲಿ ಮಾರ್ಷಲ್ ವಿಶ್ವವಿದ್ಯಾಲಯ ಇದೆ, ಹಂಟಿಂಗ್ಟನ್, ಚಾರ್ಲ್‌ಸ್ಟನ್ ಎರಡೂ ಕಡೆ ಭಾರತದ ಡಾಕ್ಟರ್ ಕುಟುಂಬಗಳೂ ಇವೆ. ತಪ್ಪಲ್ಲ. ಆದರೆ ಅದು ಬೇರೆ ಕೌಂಟಿ, ಬೇರೆ ಡಿಸ್ಟ್ರಿಕ್ಟು. ನೀವು ಎಲ್ಲಿ ವಾಸ ಮಾಡುತ್ತೀರೋ ಆ ಡಿಸ್ಟ್ರಿಕ್ಟಿನ ಶಾಲೆಗೆ ನಿಮ್ಮ ಮಗಳು ಹೋಗುವುದು ಸಾಮಾನ್ಯ ಕ್ರಮ. ನನ್ನನ್ನು ಕೇಳಿದರೆ, ಊರಿನ ಡಾಕ್ಟರ್ ಊರಲ್ಲೇ ಇರುವುದು ಒಳ್ಳೆಯದು. ಅದರಿಂದ ಮಗಳಿಗೂ ಒಳ್ಳೆಯದೇ ಆಗುತ್ತದೆ. ‘ಡಾಕ್ಟರ್ ಮಗಳು’ ಎಂದು ವಾರದೊಳಗೆ ಎಲ್ಲರಿಗೂ ಗೊತ್ತಾಗುತ್ತದೆ, ನಮ್ಮ ಹಳ್ಳಿಗಳ ಹಾಗೇ.

ಅವಳು ಕ್ಲಾಸಿನಲ್ಲಿ ಒಬ್ಬಳೇ ಭಾರತದವಳು ಆಗಿರಬಹುದು. ಆ ಕೌಂಟಿಯಲ್ಲಿ ಹೆಚ್ಚೂಕಮ್ಮಿ ಎಲ್ಲರೂ ಬಿಳಿಯರೇ. ಮೊದಲ ತಿಂಗಳು ಹೆಸರು ತಪ್ಪಾಗಿ ಕರೆಯುತ್ತಾರೆ, ಮನೆಯಲ್ಲಿ ಏನು ತಿನ್ನುತ್ತೀರಿ ಎಂದು ಕೇಳುತ್ತಾರೆ. ಹೆಚ್ಚಿನದು ಕುತೂಹಲವೇ. ಅದಕ್ಕೂ ಮೀರಿ ಯಾರಾದರೂ ಕಾಡಿಸಿದರೆ ಸುಮ್ಮನಿರಬೇಡಿ, ನೇರ ಕೌನ್ಸೆಲರ್ ಹತ್ತಿರ ಹೋಗಿ. ಕೌನ್ಸೆಲರ್ ಅಂದರೆ ಅಲ್ಲಿ ಮನಸ್ಸಿನ ಡಾಕ್ಟರಲ್ಲ. ಯಾವ ವಿಷಯ ತೆಗೆದುಕೊಳ್ಳಬೇಕು, ಕಾಲೇಜಿಗೆ ಅರ್ಜಿ ಹೇಗೆ, ಎಲ್ಲ ನೋಡುವ ಸ್ಟಾಫು. ಇನ್ನೊಂದು ಸಂಗತಿ ಮಗಳಿಗೆ ಮೊದಲೇ ಹೇಳಿಡಿ. ಡ್ರಗ್ಸ್ ಪಿಡುಗು ಆ ಭಾಗವನ್ನು ಬಹಳ ಹಿಂಡಿದೆ. ಅಜ್ಜ–ಅಜ್ಜಿ ಸಾಕುತ್ತಿರುವ ಮಕ್ಕಳು ಅವಳ ಪಕ್ಕದ ಬೆಂಚಿನಲ್ಲೇ ಇರುತ್ತಾರೆ. ಅವರ ಅಪ್ಪ–ಅಮ್ಮನ ಬಗ್ಗೆ ಕೆದಕಿ ಕೇಳಬಾರದು.

ಹಳ್ಳಿ ಸರ್ಕಾರಿ ಶಾಲೆ, ಟೀಚರುಗಳು ಹೇಗಿರುತ್ತಾರೋ ಅನ್ನುವ ಅನುಮಾನವೂ ನಿಮಗೆ ಇರಬಹುದು. 2018ರ ಫೆಬ್ರವರಿ–ಮಾರ್ಚಿನಲ್ಲಿ ವೆಸ್ಟ್ ವರ್ಜೀನಿಯಾದ ಅಷ್ಟೂ 55 ಕೌಂಟಿಗಳ ಟೀಚರುಗಳು, ಬಸ್ ಡ್ರೈವರುಗಳು, ಅಡುಗೆಯವರು ಒಟ್ಟಿಗೆ ಮುಷ್ಕರ ಹೂಡಿದರು. ಒಂಬತ್ತು ಶಾಲಾ ದಿನ ನಡೆದು 5% ಸಂಬಳ ಏರಿಕೆ ಪಡೆದರು. ಶಾಲೆ ಮುಚ್ಚಿದರೆ ಎಷ್ಟೋ ಮಕ್ಕಳಿಗೆ ಮಧ್ಯಾಹ್ನದ ಊಟ ತಪ್ಪುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಮುಷ್ಕರಕ್ಕೆ ಮೊದಲೇ ಊಟದ ಪೊಟ್ಟಣ ಕಟ್ಟಿ ಮಕ್ಕಳಿಗೆ ಮುಟ್ಟಿಸಿದರು. ಇಂಥವರ ಕೈಯಲ್ಲಿ ನಿಮ್ಮ ಮಗಳನ್ನು ಬಿಡಲು ನಾನಂತೂ ಹಿಂಜರಿಯುವುದಿಲ್ಲ. ನಿಜವಾದ ತೊಂದರೆ ಬೇರೆ. ಖಾಲಿ ಹುದ್ದೆ. ಗಣಿತ, ವಿಜ್ಞಾನದ ಟೀಚರ್ ಬಿಟ್ಟುಹೋದರೆ ಹಳ್ಳಿಗೆ ಇನ್ನೊಬ್ಬರು ಸಿಗುವುದು ತಡ. ವರ್ಷಪೂರ್ತಿ ಬದಲಿ ಟೀಚರ್ ನಡೆಸುವುದೂ ಇದೆ. ಆದ್ದರಿಂದ ಶಾಲೆಗೆ ಫೋನ್ ಮಾಡಿದಾಗ ‘ನಿಮ್ಮಲ್ಲಿ ಯಾವ ಯಾವ ಕೋರ್ಸ್ ಇದೆ’ ಎಂದು ಮಾತ್ರ ಕೇಳಿದರೆ ಸಾಲದು. ಪಟ್ಟಿಯಲ್ಲಿ ಎಲ್ಲ ಇರುತ್ತದೆ. ‘ಹೋದ ವರ್ಷ ಕ್ಯಾಲ್ಕುಲಸ್ ಕ್ಲಾಸು ನಡೆಯಿತಾ, ಎಷ್ಟು ಮಕ್ಕಳಿದ್ದರು, ಕೆಮಿಸ್ಟ್ರಿಗೆ ಈಗ ಕಾಯಂ ಟೀಚರ್ ಇದ್ದಾರಾ’ ಎಂದು ಕೇಳಿ. ಕಾಲೇಜು ಮಟ್ಟದ ಪಾಠವಿರುವ ‘ಎಪಿ’ ಕೋರ್ಸುಗಳ ಬಗ್ಗೆಯೂ, ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಕ್ರೆಡಿಟ್ ಕೊಡುವ ‘ಡ್ಯುಯಲ್ ಕ್ರೆಡಿಟ್’ ತರಗತಿಗಳ ಬಗ್ಗೆಯೂ ಹೀಗೇ ಕೇಳಿ. ಆಟ, ಬ್ಯಾಂಡ್ ಮುಗಿದ ಮೇಲೆ ಹೊರಡುವ ಸಂಜೆಯ ‘ಲೇಟ್ ಬಸ್ಸು’ ಇದೆಯಾ ಎಂದು ಕೇಳುವುದನ್ನು ಮಾತ್ರ ಮರೆಯಲೇಬೇಡಿ.

ಹಾಸನದಲ್ಲಿ ಬಿಡುವ ಮಾತು ಬಂತಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಮೆರಿಕದ ಹೈಸ್ಕೂಲು ಒಂಬತ್ತರಿಂದ ಹನ್ನೆರಡು, ನಾಲ್ಕು ವರ್ಷದ ಒಂದೇ ಗಂಟು. ಒಂಬತ್ತರಲ್ಲೇ ಸೇರಿದರೆ ಎಲ್ಲ ಹೊಸ ಮಕ್ಕಳ ಜೊತೆ ಅವಳೂ ಹೊಸಬಳು. ಕೂಡಿಸಿದ ಶಾಲೆಯಲ್ಲಿ ಇದು ಇನ್ನೂ ನಿಜ. ಬೇರೆ ಬೇರೆ ಊರಿನ ಮಕ್ಕಳು ಒಬ್ಬರಿಗೊಬ್ಬರು ಪರಿಚಯವಾಗುವುದೇ ಆ ವರ್ಷ. ಹನ್ನೊಂದರಲ್ಲಿ ಹೋದರೆ ಗುಂಪುಗಳು ಆಗಿಹೋಗಿರುತ್ತವೆ, ಕ್ರೆಡಿಟ್ ಲೆಕ್ಕವೂ ತಲೆನೋವು. ಖರ್ಚಿನ ಚಿಂತೆ ಬೇಡ. ಎಚ್-4 ವೀಸಾದಲ್ಲಿ (ಕೆಲಸದ ವೀಸಾ ಇರುವವರ ಕುಟುಂಬಕ್ಕೆ ಕೊಡುವುದು) ಇರುವ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಫೀಸು ಇಲ್ಲ.

ಹೊರಡುವ ಮೊದಲು ಮಾಡಬೇಕಾದ ಕೆಲಸ ಒಂದೆರಡಿವೆ. ಶಾಲೆ ಆಗಸ್ಟಿನಲ್ಲೇ ಶುರುವಾಗುತ್ತದೆ, ಜುಲೈ ಒಳಗೆ ತಲುಪಿದರೆ ನಿರಾಳ. ಆರು, ಏಳು, ಎಂಟನೇ ಕ್ಲಾಸಿನ ಅಂಕಪಟ್ಟಿ, ಟಿಸಿ, ಜನನ ಪ್ರಮಾಣಪತ್ರ ಇಂಗ್ಲಿಷಿನಲ್ಲಿ ಇಟ್ಟುಕೊಳ್ಳಿ. ಗಣಿತದ ಪಠ್ಯಪುಸ್ತಕವನ್ನೂ ಸೂಟ್‌ಕೇಸಿಗೆ ಹಾಕಿ. ನಮ್ಮ ಎಂಟನೇ ಕ್ಲಾಸಿನ ಬೀಜಗಣಿತ ಎಲ್ಲಿಯವರೆಗೆ ಬಂದಿದೆ ಎಂದು ಕೌನ್ಸೆಲರಿಗೆ ತೋರಿಸಿದರೆ, ಗೊತ್ತಿರುವುದನ್ನೇ ಮತ್ತೆ ಒಂದು ವರ್ಷ ಓದಿಸುವುದು ತಪ್ಪುತ್ತದೆ. ಲಸಿಕೆಯ ವಿಷಯದಲ್ಲಿ ವೆಸ್ಟ್ ವರ್ಜೀನಿಯಾ ಬಹಳ ಕಟ್ಟುನಿಟ್ಟು. ಎಂಎಂಆರ್, ಹೆಪಟೈಟಿಸ್ ಬಿ, ಪೋಲಿಯೊ ಜೊತೆ ಚಿಕನ್‌ಪಾಕ್ಸ್ ಲಸಿಕೆಯನ್ನೂ ಕೇಳುತ್ತಾರೆ. ಇದನ್ನು ನಮ್ಮ ಎಷ್ಟೋ ಮಕ್ಕಳಿಗೆ ಹಾಕಿಸಿರುವುದಿಲ್ಲ. ಟಿಡ್ಯಾಪ್ ಮತ್ತು ಮೆನಿಂಜೈಟಿಸ್ ಲಸಿಕೆ ಬಗ್ಗೆಯೂ ನಿಮ್ಮ ಯಜಮಾನರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಅಡ್ಮಿಶನ್ ಫಾರ್ಮಿನಲ್ಲಿ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂಬ ಪ್ರಶ್ನೆ ಇರುತ್ತದೆ. ಎಷ್ಟೋ ಜನ ಹೆದರಿ ಇಂಗ್ಲಿಷ್ ಎಂದು ಬರೆಯುತ್ತಾರೆ. ಹಾಗೆ ಮಾಡಬೇಡಿ, ಕನ್ನಡ ಎಂದೇ ಬರೆಯಿರಿ. ಒಂದು ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಪಾಸಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಹೆಚ್ಚಿನ ಸಹಾಯ ಪುಕ್ಕಟೆ ಸಿಗುತ್ತದೆ.

ನೀವು ಸಸ್ಯಾಹಾರಿಗಳಾದರೆ ಶಾಲೆಯ ಊಟದಲ್ಲಿ ಚೀಸ್ ಪಿಜ್ಜಾ, ಹಣ್ಣು, ಹಾಲು, ಸಲಾಡ್ ಸಿಗುತ್ತವೆ. ಬೀನ್ಸ್ ಎಂದು ಬಡಿಸುವುದರಲ್ಲಿ ಎಷ್ಟೋ ಸಲ ಹಂದಿ ಮಾಂಸದ ಚೂರು ಇರುತ್ತದೆ, ಕೇಳಿ ತಿನ್ನಲಿ. ಚಿತ್ರಾನ್ನದ ಡಬ್ಬಿ ಒಯ್ದರೂ ಯಾರೂ ಬೇಡ ಅನ್ನುವುದಿಲ್ಲ.

ಅಲ್ಲಿಗೆ ಹೋಗಿ ಒಂದು ತಿಂಗಳಾದ ಮೇಲೆ ಒಂದು ಸಂಜೆ ಬೋರ್ಡ್ ಮೀಟಿಂಗಿಗೆ ಹೋಗಿ ಬನ್ನಿ. ಸಾರ್ವಜನಿಕರಿಗೆ ಬಾಗಿಲು ತೆರೆದಿರುತ್ತದೆ, ಮೊದಲೇ ಹೆಸರು ಕೊಟ್ಟರೆ ಮಾತಾಡಲೂಬಹುದು. ನಿಮಗೆ ಅಲ್ಲಿ ಓಟು ಇರುವುದಿಲ್ಲ, ಆದರೆ ಮಾತಾಡಲು ಓಟು ಬೇಕಾಗಿಲ್ಲ. ಹಾರ್ಟ್ಸ್ ಕಡೆಯಿಂದ ಬಂದ ತಾಯಿಯೊಬ್ಬರು ಲೇಟ್ ಬಸ್ಸಿನ ಬಗ್ಗೆ ಮಾತಾಡಲು ಎದ್ದು ನಿಂತರೆ, ನಿಮ್ಮ ಮನೆ ಶಾಲೆಯ ಹತ್ತಿರವೇ ಇದ್ದರೂ, ನೀವೂ ಅವರ ಜೊತೆ ನಿಲ್ಲಿ.